ರೋಗಿಯ ಬಳಿ ನಿಲ್ಲುವವರು

ನಮ್ಮವರಲ್ಲಿ ಯಾರಾದರೂ ದೊಡ್ಡ ಆಸ್ಪತ್ರೆಗೆ ಸೇರಿದರೆಂಬ ಸುದ್ದಿ ಬಂದಾಗ ನಾವು ಕೇಳುವ ಮೊದಲ ಮಾತು, "ಯಾವ ಡಾಕ್ಟರು ನೋಡುತ್ತಿದ್ದಾರೆ?" ಎಂಬುದು. ಇದು ಸಹಜವೇ. ವೈದ್ಯನ ಕೀರ್ತಿಯನ್ನೇ ಆಸ್ಪತ್ರೆಯ ಕೀರ್ತಿಯೆಂದು ತಿಳಿಯುವುದು ಬಹುಕಾಲದಿಂದ ನಡೆದುಬಂದ ರೂಢಿ. ಆದರೆ ಹಾಸಿಗೆ ಹಿಡಿದವನ ಒಂದು ದಿನವನ್ನು ಗಂಟೆಗಂಟೆಗೆ ವಿಂಗಡಿಸಿ ನೋಡಿದರೆ ಬೇರೊಂದು ಸಂಗತಿ ಕಾಣಬರುವುದು. ದೊಡ್ಡ ವೈದ್ಯರು ಅವನ ಬಳಿ ನಿಲ್ಲುವುದು ಕೆಲವೇ ನಿಮಿಷ. ಅವರು ಬರೆದುಕೊಟ್ಟದ್ದು ಹೊತ್ತಿಗೆ ಸರಿಯಾಗಿ ಅವನ ಮೈಗೆ ಸೇರಿತೇ, ಸೇರಿದ ಮೇಲೆ ಏನಾಯಿತು, ನಡುರಾತ್ರಿ ಉಸಿರಿನ ಗತಿ ಬದಲಾದುದು ಯಾರ ಕಣ್ಣಿಗೆ ಬಿತ್ತು—ಇವೆಲ್ಲ ಉಳಿದ ಹೊತ್ತಿನ ಪ್ರಶ್ನೆಗಳು. ಆ ಉಳಿದ ಹೊತ್ತು ದಾದಿಯದು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ದೊಡ್ಡ ಕಾಯಿಲೆಯೆಂದರೆ ಬಹುಮಟ್ಟಿಗೆ ದೂರದ ಪ್ರಯಾಣವೆಂದೇ ಅರ್ಥ. ಕೆಲವರು ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೂ, ಕೆಲವರು ಕಡಲಂಚನ್ನು ಹಿಡಿದು ಮಣಿಪಾಲ ಮಂಗಳೂರುಗಳ ಕಡೆಗೂ, ಮತ್ತೆ ಕೆಲವರು ಗೋವೆಗೂ ಹೋಗುವುದುಂಟು. ನನ್ನ ಅಣ್ಣನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ನಾನೂ ಹಾಗೆಯೇ ಊರು ಬಿಟ್ಟು, ವೈದ್ಯವಿದ್ಯಾರ್ಥಿಗಳಿಗೆ ಪಾಠ ನಡೆಯುವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹದಿನೆಂಟು ರಾತ್ರಿಗಳನ್ನು ಕಳೆದೆನು. ಹಗಲು ಅತ್ತಿಗೆಯ ಸರದಿ, ರಾತ್ರಿ ನನ್ನದು. ಅಣ್ಣನಿಗೆ ನಿದ್ರೆ ಹತ್ತಿದ ಮೇಲೆ ನನಗೆ ನೋಡುತ್ತ ಕುಳಿತಿರುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಆ ಆಸ್ಪತ್ರೆಯ ಹೆಸರು ಇಲ್ಲಿ ಅಪ್ರಸ್ತುತ. ಅಲ್ಲಿ ಕಂಡದ್ದನ್ನು ಇತರ ಊರುಗಳ ಆಸ್ಪತ್ರೆಗಳಲ್ಲಿ ಕಾದು ಕುಳಿತ ವಾಚಕರೂ ಕಂಡೇ ಇರಬಹುದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಹೆಚ್ಚು ವಿವೇಕಿಗಳಾಗಿದ್ದರೆಂದು ತೋರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಲ್ಲುವವನು, ಅಂದರೆ ಶುಶ್ರೂಷೆ ಮಾಡುವವನು. ಅವನನ್ನು ವೈದ್ಯನ ಆಳೆಂದು ಗಣಿಸದೆ, ಚಿಕಿತ್ಸೆಯೆಂಬ ಮಂಚದ ಒಂದು ಕಾಲೆಂದೇ ಎಣಿಸಿರುವರು. ಅವನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಈ ನಾಲ್ಕನ್ನೂ ನಾವು ಇಂದಿನ ದಾದಿಯರಿಂದ ನಿರೀಕ್ಷಿಸುತ್ತೇವೆ, ಕಾಣದಿದ್ದರೆ ದೂರುತ್ತೇವೆ. ಆದರೆ ಗುಣಗಳು ಗಾಳಿಯಲ್ಲಿ ಬೆಳೆಯುವುವಲ್ಲ. ಒಂದೊಂದು ಗುಣಕ್ಕೂ ಅದು ಊರಿ ನಿಲ್ಲಲು ಒಂದು ನೆಲ ಬೇಕು. ಆ ನೆಲವನ್ನು ಒದಗಿಸತಕ್ಕವರು ಆಸ್ಪತ್ರೆಯನ್ನು ನಡೆಸುವವರು, ಸರಕಾರ ಮತ್ತು ಸಮಾಜ. ಈ ಮಾತನ್ನು ನಾಲ್ಕು ಗುಣಗಳ ಮೂಲಕವೇ ವಿವರಿಸಲು ಇಲ್ಲಿ ಪ್ರಯತ್ನಿಸುವೆನು.

ಮೊದಲು ದಕ್ಷತೆ. ಅಣ್ಣನಿದ್ದ ವಾರ್ಡಿನಲ್ಲಿ ನಲವತ್ತೆರಡು ಹಾಸಿಗೆಗಳು. ಅವು ಸಾಲದೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದವರು ಕೆಲವರು. ರಾತ್ರಿ ಎಂಟಕ್ಕೆ ಪಾಳಿ ಬದಲಾಗುವುದು. ಹಗಲಿನಲ್ಲಿ ಆರಾರು ಗಂಟೆಗಳ ಎರಡು ಪಾಳಿ, ರಾತ್ರಿಯದು ಮಾತ್ರ ಹನ್ನೆರಡು ಗಂಟೆಯ ಒಂದೇ ಪಾಳಿ. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಏರ್ಪಾಡು. ಆ ಹನ್ನೆರಡು ಗಂಟೆಗೆ ಇಬ್ಬರು ದಾದಿಯರು, ಕಲಿಯಲು ಬಂದ ಒಬ್ಬ ಹುಡುಗಿ, ಎರಡು ವಾರ್ಡುಗಳಿಗೆ ಸೇರಿ ಒಬ್ಬ ಆಯಾ.

ಹತ್ತು ಗಂಟೆಯ ಇಂಜೆಕ್ಷನ್ನುಗಳ ಸಮಯವನ್ನು ನೋಡಿದರೆ ಲೆಕ್ಕ ತಾನಾಗಿ ಸ್ಪಷ್ಟವಾಗುವುದು. ಪುಡಿಯ ಸೀಸೆಗೆ ನೀರು ಬೆರೆಸಿ ಕರಗಿಸಬೇಕು, ಸಿರಿಂಜಿಗೆ ಎಳೆಯಬೇಕು, ಕೇಸ್ ಶೀಟಿನ ಹೆಸರನ್ನು ರೋಗಿಯ ಹೆಸರಿನೊಡನೆ ತಾಳೆ ನೋಡಬೇಕು, ಕೈಯಲ್ಲಿ ಚುಚ್ಚಿದ ಸೂಜಿಯ ಸುತ್ತ ಬಾವು ಬಂದಿದೆಯೇ ಎಂದು ಪರೀಕ್ಷಿಸಬೇಕು, ಮದ್ದನ್ನು ನಿಧಾನವಾಗಿ ಬಿಡಬೇಕು, ಕೊಟ್ಟೆನೆಂದು ಬರೆದು ಸಹಿ ಹಾಕಬೇಕು. ಒಬ್ಬರಿಗೆ ಐದೇ ನಿಮಿಷವೆಂದರೂ ಮೂವತ್ತು ಮಂದಿಗೆ ಎರಡೂವರೆ ಗಂಟೆ. ಅಷ್ಟರೊಳಗೆ ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಹೊಸಬನೊಬ್ಬನು ಟ್ರಾಲಿಯ ಮೇಲೆ ಬರುವನು. ಅವನ ನಾಡಿಯನ್ನೂ ರಕ್ತದೊತ್ತಡವನ್ನೂ ಪದೇ ಪದೇ ನೋಡಬೇಕು. ಮೈ ಮಿಡುಕಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲವಾದರೆ ಬೆನ್ನಿನಲ್ಲಿ ಹುಣ್ಣು ಬೀಳುವುದು. ಮೂತ್ರದ ಚೀಲವನ್ನು ಅಳೆದು ಬರೆಯಬೇಕು. ನಡುವೆ ದೂರವಾಣಿ, ಔಷಧಾಲಯದ ಚೀಟಿ, ರಕ್ತನಿಧಿಯ ಚೀಟಿ, ಹತ್ತು ಕಡೆಗಳಿಂದ "ಸಿಸ್ಟರ್" ಎಂಬ ಕೂಗು.

ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಕೊನೆಯ ಹಾಸಿಗೆಯ ವೃದ್ಧರೊಬ್ಬರಿಗೆ ಉಸಿರು ಕಟ್ಟಿತು. ದಾದಿಯರಿಬ್ಬರೂ ಅತ್ತ ಓಡಿದರು. ಎಳೆಯ ವೈದ್ಯನೊಬ್ಬನು ಬಂದನು. ಒಂದೂವರೆ ಗಂಟೆಯ ಹೋರಾಟದ ಮೇಲೆ ಆ ವೃದ್ಧರು ಉಳಿದರು. ಆದರೆ ಆ ಒಂದೂವರೆ ಗಂಟೆಯಲ್ಲಿ ಮಿಕ್ಕ ವಾರ್ಡಿಗೆ ಇದ್ದವಳು ಆ ಕಲಿಯುವ ಹುಡುಗಿಯೊಬ್ಬಳೇ. ನಾಲ್ಕಾರು ಕಡೆ ಗ್ಲೂಕೋಸಿನ ಬಾಟಲಿ ಬರಿದಾಗಿ ರಕ್ತವು ಕೊಳವೆಯೊಳಕ್ಕೆ ಹಿಂದೇರಿತು. ಕಂಡವರು ಬೊಬ್ಬೆಯಿಟ್ಟರು. ಒಬ್ಬ ಗೃಹಸ್ಥರು, ಇವರೆಲ್ಲ ನಿದ್ದೆಗೆಂದೇ ಬರುವವರು ಎಂದು ಗಟ್ಟಿಯಾಗಿ ಆಡಿದರು. ಅಲ್ಲಿ ದಕ್ಷತೆಗೆ ಏನೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಕೈಗಳಿಗೆ.

ಈ ಕೊರತೆಯ ಬೆಲೆಯನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳ ಲೆಕ್ಕಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಈಗ ಪ್ರಸಿದ್ಧವಾಗಿದೆ. ದಾದಿಯೊಬ್ಬಳ ಪಾಲಿಗೆ ಬರುವ ರೋಗಿಗಳಲ್ಲಿ ಒಬ್ಬನು ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವವು ಶೇಕಡಾ 7ರಷ್ಟು ಏರುವುದೆಂದು ಅವರು ಕಂಡರು. ಕ್ಯಾಲಿಫೋರ್ನಿಯ ಪ್ರಾಂತವು 1999ರಲ್ಲಿಯೇ ಶಾಸನ ಮಾಡಿ, 2004ರಿಂದ ಒಬ್ಬ ದಾದಿಗೆ ಇಷ್ಟೇ ರೋಗಿಗಳೆಂಬ ಮಿತಿಯನ್ನು ಜಾರಿಗೆ ತಂದಿತು. ಸಾಮಾನ್ಯ ವಾರ್ಡಿನಲ್ಲಿ ಆ ಮಿತಿ ಐದು. ನಮ್ಮಲ್ಲಿಯೂ ಪ್ರಮಾಣವಿಲ್ಲವೆಂದಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗಳಿಗೊಬ್ಬರಂತೆ ದಾದಿಯರಿರಬೇಕೆಂದೂ, ರಜೆಯ ಸಲುವಾಗಿ ಶೇಕಡಾ 30 ಮಂದಿ ಹೆಚ್ಚಿಗೆ ಇರಬೇಕೆಂದೂ ಗೊತ್ತುಮಾಡಿತ್ತು. ನಲವತ್ತೆರಡು ಹಾಸಿಗೆಗೆ ಈ ಲೆಕ್ಕದಲ್ಲಿ ಹದಿನಾಲ್ವರಾದರು. ಅವರನ್ನು ಮೂರು ಪಾಳಿಗೆ ಹಂಚಿದರೂ ಒಂದೊಂದಕ್ಕೆ ನಾಲ್ವರಾದರೂ ಸಿಕ್ಕಬೇಕು. ನಾನು ಕಂಡದ್ದು ಇಬ್ಬರನ್ನು.

ಇನ್ನು ತಿಳಿವಳಿಕೆ. ಬೋಧನಾ ಆಸ್ಪತ್ರೆಯ ವಿಶೇಷವೇನೆಂದರೆ, ಅಲ್ಲಿ ಎಲ್ಲರೂ ಬಂದು ಹೋಗುವವರು. ವಿದ್ಯಾರ್ಥಿಗಳು ಗುಂಪುಗುಂಪಾಗಿ ಬರುವರು. ಹೌಸ್ ಸರ್ಜನ್ನರು ಕೆಲವು ವಾರಗಳಿಗೊಮ್ಮೆ ವಿಭಾಗ ಬದಲಾಯಿಸುವರು. ಸ್ನಾತಕೋತ್ತರದವರು ಮೂರು ವರ್ಷ ಕಲಿತು ಹೊರಡುವರು. ವಾರ್ಡಿನ ನೆನಪನ್ನು ಹೊತ್ತು ಉಳಿಯುವವಳು ಹಿರಿಯ ದಾದಿ. ಪುಸ್ತಕದಲ್ಲಿ ಓದಿದ್ದನ್ನು ಹಾಸಿಗೆಯ ಬಳಿ ಮಾಡಿ ತೋರುವ ಗುರುವೂ ಎಷ್ಟೋ ವೇಳೆ ಅವಳೇ. ಆದರೆ ಆ ಬೋಧನೆಗೆ ಹೆಸರಿಲ್ಲ. ಒಮ್ಮೆ ಹೊಸ ವೈದ್ಯನೊಬ್ಬನು ಒಂದು ಮದ್ದನ್ನು ಕೈಯಲ್ಲಿ ಹಿಡಿದು ನೇರವಾಗಿ ಕೊಡಲು ಹೊರಟಾಗ ಅವಳು, "ಡಾಕ್ಟರ್, ಇದನ್ನು ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಬಿಡುವುದಲ್ಲವೇ?" ಎಂದು ಕೇಳಿದಳು. ಅವನು ತಡೆದು, "ಹೌದು ಸಿಸ್ಟರ್" ಎಂದನು. ಪ್ರಶ್ನೆಯ ವೇಷದಲ್ಲಿ ಬಂದ ಆ ತಿಳಿವಳಿಕೆ ಅಂದು ಒಬ್ಬನನ್ನು ಅಪಾಯದಿಂದ ಕಾಪಾಡಿತೆಂದು ನಾನು ನಂಬಿದ್ದೇನೆ. ಅದನ್ನು ನೇರವಾಗಿಯೇ ಹೇಳುವ ಅಧಿಕಾರ ಅವಳಿಗೇಕಿರಬಾರದೆಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಕಲಿಯಲು ಬಂದ ಹುಡುಗಿಯ ಪಾಡು ಇನ್ನೂ ಕಠಿನ. ಅವಳು ಪಾಠಕ್ಕೆ ಬಂದವಳು. ಆದರೆ ಆಳು ಸಾಲದ ವಾರ್ಡಿನಲ್ಲಿ ಅವಳೇ ಆಳು. ಹಿರಿಯಳಿಗೆ ಹೇಳಿಕೊಡಲು ಬಿಡುವಿಲ್ಲ, ಕಿರಿಯಳಿಗೆ ಕೇಳಲು ಧೈರ್ಯವಿಲ್ಲ. ಹೀಗೆ ಮೂರು ನಾಲ್ಕು ವರ್ಷ ಕಲಿತು ನುರಿತವರಲ್ಲಿ ಬಹುಮಂದಿ ಕೊಲ್ಲಿಯ ದೇಶಗಳಿಗೂ ಇಂಗ್ಲೆಂಡಿಗೂ ಹೋಗಿಬಿಡುವರು. 1946ರಲ್ಲಿ ಭೋರ್ ಸಮಿತಿಯು ವರದಿ ಒಪ್ಪಿಸಿದಾಗ ದೇಶದಲ್ಲಿ ಇದ್ದವರು ಸುಮಾರು 7,000 ದಾದಿಯರು. ಅಂದರೆ 43,000 ಜನಕ್ಕೆ ಒಬ್ಬರು. ಇಂದು ನೋಂದಾಯಿತರಾದವರು 30 ಲಕ್ಷಕ್ಕೂ ಹೆಚ್ಚು. ಈ ವೃದ್ಧಿ ಸಣ್ಣದಲ್ಲ. ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಇರುವುದು ಬೇರೆ. ಹೋದವರನ್ನು ದೂರುವ ಬದಲು, ಉಳಿಯಲು ನಾವು ಏನು ಇಟ್ಟಿದ್ದೇವೆಂದು ಕೇಳಿಕೊಳ್ಳುವುದು ನ್ಯಾಯ.

ಮೂರನೆಯದಾದ ಶುಚಿತ್ವದ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಫ್ಲಾರೆನ್ಸ್ ನೈಟಿಂಗೇಲಳ ಕೈಯ ದೀಪವನ್ನು ನಾವೆಲ್ಲ ಬಲ್ಲೆವು. ಅವಳ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತೆಂಬುದನ್ನು ಬಲ್ಲವರು ಕಡಮೆ. 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಆರೈಕೆಗೆ ಸ್ಕುಟಾರಿಗೆ ಹೋದ ಅವಳು, ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತ ಸೈನಿಕರೇ ಬಹಳವೆಂದು ಅಂಕಿಗಳ ಮೂಲಕ ಅಧಿಕಾರಿಗಳಿಗೆ ತೋರಿಸಿಕೊಟ್ಟಳು. ನೀರು, ಗಾಳಿ, ಚರಂಡಿ—ಅವಳ ವಾದವೆಲ್ಲ ಇವುಗಳ ಸುತ್ತ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆದಾಗಿನಿಂದ ಶುಚಿತ್ವವು ದಾದಿಯ ಮೊದಲ ಪಾಠವಾಗಿದೆ. ಆದರೆ ಕೈ ತೊಳೆಯಲು ನೀರಿನ ತೊಟ್ಟಿ ವಾರ್ಡಿನ ಒಂದೇ ಕೊನೆಯಲ್ಲಿದ್ದರೆ, ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹೋಗುವ ಮುನ್ನ ಪ್ರತಿಸಲವೂ ಅಲ್ಲಿಗೆ ನಡೆದುಹೋಗುವುದು ನಲವತ್ತೆರಡು ಹಾಸಿಗೆಗಳ ನಡುವೆ ಎಷ್ಟು ಸಾಧ್ಯ?

ಶುಚಿತ್ವಕ್ಕೆ ಇನ್ನೊಂದು ಮುಖವುಂಟು. ದಾದಿಗೂ ಒಂದು ಮೈಯಿದೆ. ಅವಳು ಮನೆಯ ಉಡುಪನ್ನು ಕಳಚಿ ಕೆಲಸದ ಉಡುಪನ್ನು ತೊಡಬೇಕು. ಮುಂಜಾನೆ ಅದನ್ನು ಕಳಚಿ ಹೋಗಬೇಕು. ಹನ್ನೆರಡು ಗಂಟೆಗಳಲ್ಲಿ ಬಚ್ಚಲಿಗೆ ಹೋಗಬೇಕು, ಒಂದು ತುತ್ತು ಉಣ್ಣಬೇಕು, ಅರ್ಧ ಗಂಟೆ ಕಾಲು ಚಾಚಬೇಕು. ಇದಕ್ಕೆ ಅಗುಳಿಯಿರುವ ಒಂದು ಕೋಣೆ ಬೇಕು. ಕಟ್ಟಡಕ್ಕೆ ಕೋಟಿಗಳನ್ನು ವೆಚ್ಚ ಮಾಡುವವರು ಮರೆಯುವುದು ಎಷ್ಟೋ ಸಲ ಈ ಒಂದು ಕೋಣೆಯನ್ನು. ಅದು ಇಲ್ಲದಿದ್ದರೆ ಏನಾಗುವುದೆಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರಲೇಬೇಕು.

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ದೊಡ್ಡ ವೈದ್ಯಕೀಯ ಕಾಲೇಜಿಗೆ ಸೇರಿದ, ಹೆಸರಾಂತ ಆಸ್ಪತ್ರೆ ಅದು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ಉಡುಪು ಬದಲಾಯಿಸಲು ಅವರು ಹೋದುದು ನೆಲಮಾಳಿಗೆಗೆ. ಅಲ್ಲಿ ಅದೇ ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬನು ನಾಯಿಯ ಸರಪಳಿಯನ್ನು ಕೊರಳಿಗೆ ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದನು. ಮೆದುಳಿಗೆ ಪ್ರಾಣವಾಯು ಸಾಲದೆ ಅವರು ಮತ್ತೆ ಎಚ್ಚರದ ಬಾಳಿಗೆ ಮರಳಲಿಲ್ಲ. ಅವನಿಗೆ ಶಿಕ್ಷೆಯಾದುದು ಹಲ್ಲೆ ಮತ್ತು ದರೋಡೆಗೆ ಮಾತ್ರ, ಏಳು ವರ್ಷ. ಅರುಣಾ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ನಲವತ್ತೊಂದು ವರ್ಷಗಳಿಗೂ ಮೀರಿ ಮಲಗಿದ್ದು, 2015ರ ಮೇ 18ರಂದು ತೀರಿಕೊಂಡರು.

ದೇಶವು ಅವರನ್ನು ದಯಾಮರಣದ ಪ್ರಶ್ನೆಯ ಮೂಲಕ ಬಲ್ಲುದು. 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ಕಾನೂನಿನ ಚರಿತ್ರೆಯಲ್ಲಿ ನಿಂತಿದೆ. ಆದರೆ ಆ ಕಥೆಯಲ್ಲಿ ದಾದಿಯರಿಗೆ ಸಂಬಂಧಿಸಿದ ಎರಡು ಸಂಗತಿಗಳು ಅಷ್ಟಾಗಿ ನಮ್ಮ ಮಾತಿನಲ್ಲಿ ಬರುವುದಿಲ್ಲ. ಮೊದಲನೆಯದು, ಹಲ್ಲೆಯ ಬಳಿಕ ಮುಂಬಯಿಯ ದಾದಿಯರು ಅರುಣಾ ಅವರ ಆರೈಕೆಗಾಗಿಯೂ, ತಮ್ಮ ಕೆಲಸದ ಸ್ಥಿತಿಗತಿಗಳು ಸುಧಾರಿಸಬೇಕೆಂದೂ ಮುಷ್ಕರ ಹೂಡಿದರು. ಎರಡನೆಯದು, ಅಲ್ಲಿಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆ ಹಾಸಿಗೆಯ ಹೊಣೆಯನ್ನು ದಾಟಿಸುತ್ತ ಬಂದರು. ಅಷ್ಟು ವರ್ಷ ಮಲಗಿದವರ ಬೆನ್ನಿನಲ್ಲಿ ಹುಣ್ಣು ಬೀಳಲಿಲ್ಲವೆಂಬುದು ನ್ಯಾಯಾಲಯದ ಮುಂದೆಯೂ ಬಂದ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದೆಂದರೇನೆಂದು ಹದಿನೆಂಟು ರಾತ್ರಿ ಕಂಡ ನನಗೆ ಆ ಒಂದು ಮಾತು ಸಾವಿರ ಸನ್ಮಾನಪತ್ರಗಳಿಗಿಂತ ದೊಡ್ಡದಾಗಿ ತೋರುವುದು. ತಮ್ಮವಳಿಗೆ ಉಡುಪು ಬದಲಾಯಿಸಲು ಕಾವಲಿರುವ ಒಂದು ಕೋಣೆ ಸಿಕ್ಕಿರಲಿಲ್ಲ. ಅದರ ಫಲವನ್ನು ಅವರು ನಾಲ್ಕು ದಶಕ ಹೊತ್ತರು.

ಕಾಲ ಬದಲಾಯಿತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ರಾತ್ರಿಯ ಕೆಲಸದ ನಡುವೆ ವಿಶ್ರಮಿಸಲು ಹೋಗಿದ್ದ ಎಳೆಯ ವೈದ್ಯೆಯೊಬ್ಬಳು ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆ ಕೈಗೊಂಡು ಆ ತಿಂಗಳ 20ರಂದು ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ರಾತ್ರಿ ಪಾಳಿಯವರಿಗೆ ವಿಶ್ರಾಂತಿಯ ಕೋಣೆಗಳಿಲ್ಲ, ಶೌಚಾಲಯಗಳು ಸಾಲವು, ಮನೆಗೆ ಹೋಗಿಬರಲು ವಾಹನವಿಲ್ಲ ಎಂಬ ಕೊರತೆಗಳನ್ನು ಆ ಆಜ್ಞೆಯೇ ಎಣಿಸಿತು. 1973ಕ್ಕೂ 2024ಕ್ಕೂ ನಡುವೆ ಐವತ್ತು ವರ್ಷ ಕಳೆದಿತ್ತು. ಕೋಣೆಯ ಮಾತು ಮಾತ್ರ ಮುಗಿದಿರಲಿಲ್ಲ.

ಕೊನೆಯದು ಅನುರಾಗ. ದಾದಿಯರ ಮೇಲೆ ನಾವು ಹೊರಿಸುವ ದೂರುಗಳಲ್ಲಿ ಮೊದಲನೆಯದು ಅವರ ಸಿಡುಕು. ನಾನು ಕಂಡ ಇಬ್ಬರಲ್ಲಿ ಒಬ್ಬಳು ಸಿಡುಕುವವಳೇ. ಅಂಕೋಲೆಯ ಕಡೆಯ ಒಬ್ಬ ಅಜ್ಜಿ, ಮಗನ ಹಾಸಿಗೆಯ ಬಳಿ ಕುಳಿತು, "ತಂಗೀ, ಸ್ವಲ್ಪ ಬಾರೇ" ಎಂದು ನಾಲ್ಕನೆಯ ಸಲ ಕರೆದಾಗ ಅವಳು ಗದರಿಬಿಟ್ಟಳು. ಅಜ್ಜಿಯ ಮೋರೆ ಚಿಕ್ಕದಾಯಿತು. ಬೆಳಗಿನ ಜಾವ ಗದ್ದಲವೆಲ್ಲ ಅಡಗಿದಾಗ ಅವಳು ತಾನಾಗಿ ಅಜ್ಜಿಯ ಬಳಿಗೆ ಬಂದು ಮಗನ ದಿಂಬನ್ನು ಸರಿಪಡಿಸಿ, ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತಳು. ಹೋಗುವಾಗ ನನ್ನತ್ತ ನೋಡಿ, "ಕೋಪ ಇವರ ಮೇಲಲ್ಲ ಅಣ್ಣಾ. ಹತ್ತು ಮಂದಿ ಒಟ್ಟಿಗೆ ಕರೆದರೆ ಒಬ್ಬರ ಹತ್ತಿರ ಹೋಗಬಹುದು. ಉಳಿದ ಒಂಬತ್ತು ಮಂದಿಗೆ ನಾನು ಕೆಟ್ಟವಳೇ" ಎಂದಳು. ಅದು ಅವಳ ಸತತವಾದ ಆರನೆಯ ರಾತ್ರಿಪಾಳಿಯೆಂದು ಆಮೇಲೆ ತಿಳಿಯಿತು. ಹಗಲು ಮನೆಯ ಕೆಲಸ ಮುಗಿಸಿ ಮೂರು ಗಂಟೆ ಮಲಗಿದರೆ ಹೆಚ್ಚಂತೆ. ಅನುರಾಗವೂ ಹಸಿವು ನಿದ್ರೆಗಳಂತೆ ದೇಹದಲ್ಲಿಯೇ ಇರುವುದು. ದೇಹ ಬರಿದಾದರೆ ಅದು ಎಲ್ಲಿಂದ ಬರಬೇಕು?

ಸಂಬಳದ ಮಾತೂ ಇದಕ್ಕೆ ಹೊರಗಲ್ಲ. ಅವಳು ಕರಾರಿನ ಮೇಲೆ ನೇಮಕವಾದವಳು. ಪಕ್ಕದ ಖಾಯಂ ದಾದಿಯಷ್ಟೇ ಕೆಲಸ, ಅರ್ಧಕ್ಕಿಂತ ಕಡಮೆ ಸಂಬಳ. ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ವಿಚಾರಿಸಲು ಸಮಿತಿಯನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರ ಜನವರಿಯಲ್ಲಿ ಆಜ್ಞಾಪಿಸಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿರುವ ಕಡೆ ರಾಜ್ಯಸರಕಾರದ ದಾದಿಗೆ ಸಮನಾದ ಸಂಬಳ, ಐವತ್ತಕ್ಕಿಂತ ಕಡಮೆ ಹಾಸಿಗೆಗಳ ಕಡೆಯೂ ತಿಂಗಳಿಗೆ 20,000 ರೂಪಾಯಿಗಳಿಗೆ ಕಡಮೆಯಿಲ್ಲದಂತೆ ಕೊಡತಕ್ಕದ್ದೆಂದು ಆ ಸಮಿತಿ ಹೇಳಿತು. ಅದನ್ನು ನಡೆಸುವ ಹೊಣೆ ರಾಜ್ಯಗಳ ಪಾಲಿಗೆ ಬಂದಿತು. ನ್ಯಾಯವಾದ ಶಿಫಾರಸು ವಾರ್ಡನ್ನು ಮುಟ್ಟಲು ಹಿಡಿಯುವ ಕಾಲವು ರೋಗಿಯ ತಾಳ್ಮೆಗಿಂತ ದೀರ್ಘವಾದುದು.

ಇಲ್ಲಿ ನಮ್ಮದೊಂದು ಮಾತು ಬಹಳ ಕೇಡು ಮಾಡಿದೆಯೆಂದು ನನಗನ್ನಿಸುವುದು. ಅದು 'ಸೇವೆ' ಎಂಬ ಮಾತು. ಶಬ್ದ ಪವಿತ್ರವಾದುದೇ. ಆದರೆ ದಾದಿಯ ದುಡಿಮೆಯನ್ನು ಸೇವೆಯೆಂದು ಕರೆದ ಕೂಡಲೇ ಅದಕ್ಕೆ ಗಂಟೆಯ ಲೆಕ್ಕವೂ ಕೂಲಿಯ ಲೆಕ್ಕವೂ ಅಶುಭವೆಂಬಂತೆ ನಮಗೆ ಕಾಣತೊಡಗುವುದು. 2020ರ ಮಾರ್ಚ್ 22ರ ಸಂಜೆ ನಾವು ಅಂಗಳದಲ್ಲಿ ನಿಂತು ತಟ್ಟೆ ಬಡಿದು ಅವರನ್ನು ಕೊಂಡಾಡಿದೆವು. ಅದೇ ದಿನಗಳಲ್ಲಿ ರೋಗದ ಭಯದಿಂದ ಅವರನ್ನು ಬಾಡಿಗೆಮನೆಗಳಿಂದ ಹೊರಡಿಸಿದ ಸಂಗತಿಗಳೂ ದೇಶದಲ್ಲಿ ನಡೆದುವು. ಅವರ ಮೇಲಿನ ಹಲ್ಲೆಯನ್ನು ತಡೆಯಲು ಏಪ್ರಿಲ್ ತಿಂಗಳಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಪೂಜಿಸುವ ಕೈಗೆ ಕೂಲಿ ಕೊಡುವುದು ಮರೆತುಹೋಗುವುದು ಸುಲಭ.

ವಿದ್ಯಾವಂತ ಗೃಹಸ್ಥರಾದ ನಾವು ಮಾಡಬಹುದಾದದ್ದು ಏನು? ನಮ್ಮಲ್ಲಿ ಕೆಲವರು ಆಸ್ಪತ್ರೆಗಳಿಗೆ ದಾನ ಕೊಡುವವರಿದ್ದೇವೆ, ಕೆಲವರು ಸಲಹಾಸಮಿತಿಗಳಲ್ಲಿ ಕುಳಿತವರಿದ್ದೇವೆ, ಶಾಸಕರನ್ನು ಕಂಡು ಮಾತನಾಡಬಲ್ಲವರಿದ್ದೇವೆ. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಬಹುದಿನಗಳಿಂದ ಕೇಳಿಬಂದಿದೆ. ನಾನೂ ಆ ಕೂಗಿಗೆ ದನಿಗೂಡಿಸಿದವನು. ಕೇಳುವಾಗ ಗೋಡೆಗಳನ್ನೂ ಯಂತ್ರಗಳನ್ನೂ ಮಾತ್ರ ಕೇಳದೆ, ಪಾಳಿಗೆ ಎಷ್ಟು ದಾದಿಯರು, ಅವರಿಗೆ ಅಗುಳಿಯಿರುವ ಕೋಣೆ ಎಲ್ಲಿ, ವಸತಿ ಎಷ್ಟು ದೂರ, ನೇಮಕ ಖಾಯಮೋ ಕರಾರೋ ಎಂಬುದನ್ನೂ ಸೇರಿಸಿ ಕೇಳೋಣ. ದಾನ ಕೊಡುವವರು ಹೆಸರು ಕೆತ್ತಿದ ಕಲ್ಲಿಗೆ ಬದಲಾಗಿ ಒಮ್ಮೆ ದಾದಿಯರ ವಿಶ್ರಾಂತಿಯ ಕೋಣೆಯನ್ನು ಕಟ್ಟಿಸಿಕೊಟ್ಟರೆ ಅದರ ಪುಣ್ಯ ನೇರವಾಗಿ ರೋಗಿಗೆ ತಲುಪುವುದು. ದಾದಿಯೆಂದೊಡನೆ ಹೆಣ್ಣಿನ ಸಂಬಂಧವನ್ನು ಹಿಂದಕ್ಕೆ ಕಳುಹಿಸುವ ಮನೆಗಳು ನಮ್ಮ ನಡುವೆ ಇನ್ನೂ ಉಂಟು. ಅವರೂ ಒಮ್ಮೆ ವಾರ್ಡಿನಲ್ಲಿ ಒಂದು ರಾತ್ರಿ ಕಳೆದು ನೋಡಲಿ.

ನಮ್ಮವರು ಆಸ್ಪತ್ರೆಗೆ ಸೇರಿದಾಗ "ಯಾವ ಡಾಕ್ಟರು?" ಎಂದು ಕೇಳುವುದನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ "ಆ ವಾರ್ಡಿನಲ್ಲಿ ರಾತ್ರಿ ಎಷ್ಟು ಮಂದಿ ದಾದಿಯರಿರುವರು?" ಎಂದೂ ಕೇಳುವ ಅಭ್ಯಾಸ ನಮಗಾಗಲಿ. ಕೇಳುವವರು ಹೆಚ್ಚಾದರೆ ಉತ್ತರ ಹೇಳಬೇಕಾದವರೂ ಎಣಿಸಿ ನೋಡತೊಡಗುವರು.